ಕೆರೆ ಹೂಳಿನ ಸುದ್ದಿಗೆ ತಡೆಯಾಜ್ಞೆ ಬಂದಿದೆ, ನಮ್ಮ ಮಾತನ್ನು ಯಾರೂ ಕೇಳಿಲ್ಲ. ಈಗ ಏನು ಮಾಡಲಿ?

ಕೋಡಿನೀರು
ಭಾನುವಾರ, ರಾತ್ರಿ 11.20

ಎಲ್ಲರಿಗೂ ನಮಸ್ಕಾರ. ನಾನು ಒಂದು ತಾಲೂಕು ಕೇಂದ್ರದಿಂದ ಪಾಕ್ಷಿಕ ಪತ್ರಿಕೆ ತರುತ್ತೇನೆ. ಅಪ್ಪ ಶುರು ಮಾಡಿದ್ದು, ಅವರು ಹೋದಮೇಲೆ ನಾನು ನಡೆಸುತ್ತಿದ್ದೇನೆ. ಎಂಟು ಪುಟ, 900 ಪ್ರತಿ. ಜೊತೆಗೆ ಒಂದು ಯೂಟ್ಯೂಬ್ ಚಾನೆಲ್ ಇದೆ, ಅದನ್ನ ನನ್ನ ತಮ್ಮ ನೋಡಿಕೊಳ್ಳುತ್ತಾನೆ.

ಹೋದ ತಿಂಗಳು ನಮ್ಮೂರ ಕೆರೆಯ ಹೂಳೆತ್ತುವ ಕಾಮಗಾರಿ ಬಗ್ಗೆ ಬರೆದೆವು. ಆರ್‌ಟಿಐ ಅರ್ಜಿ ಹಾಕಿ ಅಳತೆ ಪುಸ್ತಕದ ನಕಲು ತೆಗೆಸಿದ್ದೆ, ಎಂಬಿ ಅಂತಾರಲ್ಲ, ಅದು. ಒಂದು ರಾತ್ರಿ ಅದನ್ನ ಟೇಬಲ್ ಮೇಲೆ ಹರಡಿಕೊಂಡು ಒಂದೊಂದೇ ದಿನಾಂಕ ನೋಡುತ್ತಾ ಹೋದೆ, ಒಂದು ಪುಟದಲ್ಲಿ ಕಣ್ಣು ನಿಂತಿತು. ಈ ದಿನ ಇಷ್ಟು ಘನ ಮೀಟರ್ ಹೂಳು ತೆಗೆದಿದೆ, ಇಷ್ಟು ದೂರ ಸಾಗಿಸಿದೆ ಅಂತ ಸಾಲಾಗಿ ಹದಿಮೂರು ದಿನ ಬರೆದಿದ್ದಾರೆ. ಆ ಹದಿಮೂರು ದಿನವೂ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು! ನನಗೆ ಹೇಗೆ ಗೊತ್ತು ಅಂದರೆ, ಅದೇ ವಾರ ಊರವರೆಲ್ಲ ಸೇರಿ ಕೆರೆಗೆ ಬಾಗಿನ ಕೊಟ್ಟಿದ್ದರು, ಅದರ ಫೋಟೊ ನಮ್ಮ ಪತ್ರಿಕೆಯ ಮುಖಪುಟದಲ್ಲೇ ಇದೆ. ಮೊರ ನೀರಲ್ಲಿ ತೇಲುತ್ತಿದೆ, ಹಿಂದೆ ತೂಬಿನ ಕಲ್ಲು ಕುತ್ತಿಗೆಮಟ್ಟ ಮುಳುಗಿದೆ. ನೀರು ಅಷ್ಟು ನಿಂತಿರುವಾಗ ಹೂಳು ಎತ್ತಿದ್ದು ಹೇಗೆ ಅನ್ನೋದೇ ನಮ್ಮ ವರದಿಯ ಪ್ರಶ್ನೆ. ಎಂಬಿ ಪುಟ ಒಂದು ಕಡೆ, ಬಾಗಿನದ ಫೋಟೊ ಇನ್ನೊಂದು ಕಡೆ ಹಾಕಿದೆವು. ಯಾರನ್ನೂ ಕಳ್ಳ ಅಂತ ಕರೆದಿಲ್ಲ. ಅಚ್ಚಿಗೆ ಹೋಗೋ ಮುಂಚೆ ಗುತ್ತಿಗೆದಾರರಿಗೂ ಇಲಾಖೆಗೂ ಪತ್ರ ಬರೆದು ಉತ್ತರ ಕೇಳಿದ್ದೆವು. ಉತ್ತರ ಬರಲಿಲ್ಲ.

ಮೊನ್ನೆ ಸಂಜೆ ವಾಟ್ಸಾಪಲ್ಲಿ ಒಂದು ಪಿಡಿಎಫ್ ಬಂತು. ಬೆಂಗಳೂರಿನ ಸಿವಿಲ್ ಕೋರ್ಟ್ ಆದೇಶ. ಪ್ರತಿವಾದಿಗಳ ಪಟ್ಟಿಯಲ್ಲಿ 31 ಹೆಸರು, ನಾನು 17ನೆಯವಳು. ನಮ್ಮ ಸುದ್ದಿಯನ್ನ ಹಂಚಿಕೊಂಡವರು, ಅದರ ಮೇಲೆ ಮಾತಾಡಿದ ಚಾನೆಲ್‌ಗಳು ಎಲ್ಲಾ ಅದರಲ್ಲಿದ್ದಾರೆ. ಮುಂದಿನ ದಿನಾಂಕದವರೆಗೆ ವಾದಿಯ, ಅಂದರೆ ಆ ಗುತ್ತಿಗೆದಾರರ ಬಗ್ಗೆ ಮಾನಹಾನಿಕರವಾದ ಏನನ್ನೂ ಪ್ರಕಟಿಸಬಾರದು, ಇರೋದನ್ನ ತೆಗೆಯಬೇಕು ಅಂತ ಇದೆ. ಮುಂದಿನ ದಿನಾಂಕ ಎರಡು ತಿಂಗಳ ಆಚೆ.

ನಮಗೆ ನೋಟಿಸ್ ಬಂದಿರಲಿಲ್ಲ. ಹೀಗೊಂದು ದಾವೆ ಇದೆ ಅನ್ನೋದೇ ಗೊತ್ತಿರಲಿಲ್ಲ. ಎಂಬಿ ನಕಲು ನೋಡಿದ್ದೀರಾ ಅಂತ ಆ ನ್ಯಾಯಾಧೀಶರನ್ನ ಕೇಳೋದಕ್ಕೆ ನಾನು ಅಲ್ಲಿ ಇರಲೇ ಇಲ್ಲ. ಹೆದರಿ ಆ ರಾತ್ರಿಯೇ ಚಾನೆಲ್‌ನಲ್ಲಿದ್ದ ಆ ಸುದ್ದಿಯ ವಿಡಿಯೊವನ್ನ ತೆಗೆದುಹಾಕಿದೆವು. ಈಗ ನಮ್ಮ ಪ್ರೆಸ್‌ನವರು ಮುಂದಿನ ಸಂಚಿಕೆ ಮುದ್ರಿಸೋಕೆ ಹಿಂದೆಮುಂದೆ ನೋಡುತ್ತಿದ್ದಾರೆ. ಮನೆಯಲ್ಲಿ ಅಮ್ಮ ಬಿಟ್ಟುಬಿಡು ಅಂತಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ನಮ್ಮ ಮಾತು ಕೇಳದೆ ಹೀಗೆ ಬಾಯಿ ಕಟ್ಟಬಹುದಾ? ಆದೇಶ ಬಂದಿದೆ ಅನ್ನೋದನ್ನಾದರೂ ಓದುಗರಿಗೆ ಹೇಳಬಹುದಾ? ಸರ್ಕಾರ ಮಾಡಿದರೆ ಮಾತ್ರ ಸೆನ್ಸಾರ್ ಅಂತಾರಾ, ಇದನ್ನ ಏನಂತ ಕರೀಬೇಕು? ತಿಳಿದವರು ದಯವಿಟ್ಟು ಹೇಳಿ.


ಕಪ್ಪುಕೋಟು
ಸೋಮವಾರ, ಬೆಳಿಗ್ಗೆ 7.05

ಮೇಡಂ, ನಾನು ಸಿವಿಲ್ ವಕೀಲ. ನಿಮ್ಮ ಕಾಗದ ನೋಡದೆ ನಿಮ್ಮ ಕೇಸಿನ ಬಗ್ಗೆ ಖಚಿತವಾಗಿ ಹೇಳಲಾರೆ, ಕಾನೂನು ಏನು ಹೇಳುತ್ತೆ ಅನ್ನೋದು ಮಾತ್ರ ಹೇಳುತ್ತೇನೆ.

ಮೊದಲು ಒಂದು ಮಾತು. ಆದೇಶ ತಪ್ಪು ಅಂತ ನಿಮಗೆ ಎಷ್ಟೇ ಅನಿಸಿದರೂ ಅದು ತೆರವಾಗುವವರೆಗೆ ಪಾಲಿಸಿ. ವಿಡಿಯೊ ತೆಗೆದಿದ್ದು ಒಳ್ಳೆಯದೇ ಆಯಿತು. ತಡೆಯಾಜ್ಞೆ ಮುರಿದರೆ ಆಸ್ತಿ ಜಪ್ತಿ ಮಾಡಬಹುದು, ಮೂರು ತಿಂಗಳವರೆಗೆ ಸಿವಿಲ್ ಜೈಲಿಗೂ ಕಳಿಸಬಹುದು. ಆಮೇಲೆ ಹೂಳಿನ ಪ್ರಶ್ನೆ ಹಿಂದೆ ಸರಿದು ನಿಮ್ಮ ತಪ್ಪೇ ಮುಂದೆ ಬಂದು ನಿಲ್ಲುತ್ತೆ.

ಈಗ ನಿಮ್ಮ ಪ್ರಶ್ನೆಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶ, 3ನೇ ನಿಯಮ ಅಂತ ಒಂದಿದೆ. ತಡೆಯಾಜ್ಞೆ ಕೊಡುವ ಮುಂಚೆ ಎದುರು ಪಕ್ಷಕ್ಕೆ ನೋಟಿಸ್ ಕೊಡಬೇಕು ಅನ್ನೋದೇ ಅದರ ಮೂಲ ಮಾತು. ತಡವಾದರೆ ಕೇಳಿದ ಪರಿಹಾರಕ್ಕೆ ಅರ್ಥವೇ ಉಳಿಯಲ್ಲ ಅನ್ನುವಂಥ ಸಂದರ್ಭದಲ್ಲಿ ಮಾತ್ರ ನೋಟಿಸ್ ಇಲ್ಲದೆ ಕೊಡಬಹುದು, ಅದಕ್ಕೂ ನ್ಯಾಯಾಧೀಶರು ಕಾರಣ ಬರೆಯಬೇಕು. ಆದೇಶ ಸಿಕ್ಕ ಕೂಡಲೇ ವಾದಿ ನಿಮಗೆ ಅರ್ಜಿ, ಅಫಿಡವಿಟ್, ದಾವೆಯ ಪ್ರತಿ, ದಾಖಲೆ ಎಲ್ಲಾ ಕೊಡಬೇಕು ಇಲ್ಲವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕು, ಕಳಿಸಿದ್ದೇನೆ ಅಂತ ಅದೇ ದಿನ ಅಥವಾ ಮರುದಿನ ಕೋರ್ಟಿಗೆ ಅಫಿಡವಿಟ್ ಹಾಕಬೇಕು. ನಿಮಗೆ ವಾಟ್ಸಾಪಲ್ಲಿ ಆದೇಶ ಒಂದೇ ಬಂದಿದೆ ಅಂದ್ರಿ. ಉಳಿದದ್ದು ಎಲ್ಲಿ? ಇದು ನೀವು ಕೇಳಬೇಕಾದ ಮೊದಲ ಪ್ರಶ್ನೆ.

3ಎ ನಿಯಮದ ಪ್ರಕಾರ ಇಂಥ ಅರ್ಜಿಯನ್ನ 30 ದಿನದಲ್ಲಿ ಇತ್ಯರ್ಥ ಮಾಡೋಕೆ ಕೋರ್ಟ್ ಪ್ರಯತ್ನಿಸಬೇಕು, ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಬರೆಯಬೇಕು. ನಿಮ್ಮ ಮುಂದಿನ ದಿನಾಂಕ ಎರಡು ತಿಂಗಳು ಆಚೆ ಇದೆ. ಅಲ್ಲಿವರೆಗೆ ಕೂತಿರಬೇಡಿ. ಈ ವಾರವೇ ವಕಾಲತ್ತು ಹಾಕಿಸಿ, 4ನೇ ನಿಯಮದಡಿ ತಡೆಯಾಜ್ಞೆ ತೆರವಿಗೆ ಅರ್ಜಿ ಹಾಕಿ. ವಾದಿ ಮುಖ್ಯವಾದ ವಿಷಯದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿ ಆದೇಶ ತಗೊಂಡಿದ್ದರೆ ಅದೊಂದೇ ತೆರವಿಗೆ ಬಲವಾದ ಕಾರಣ. ಹಾಗಾಗಿ ದಾವೆಯ ಪ್ರತಿ ಕೈಗೆ ಬಂದ ಕೂಡಲೇ ಸಾಲು ಸಾಲು ಓದಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಳ್ಳಿ.

ಸುಪ್ರೀಂ ಕೋರ್ಟ್ ಹೇಳಿರೋದು ಕೂಡ ನಿಮ್ಮ ಪರ ಇದೆ. 2024ರ ಮಾರ್ಚಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಜೀ ಟಿವಿ ಕಂಪನಿ ನಡುವಿನ ಕೇಸಲ್ಲಿ ಇದೇ ಪ್ರಶ್ನೆ ಬಂದಿತ್ತು. ವಿಚಾರಣೆ ಆಗುವ ಮುಂಚೆಯೇ ಲೇಖನಕ್ಕೆ ತಡೆ ಕೊಡೋದು ಆ ಬರಹಕ್ಕೆ ಮರಣದಂಡನೆ ಕೊಟ್ಟ ಹಾಗೆ ಆಗಬಹುದು, ಬರೆದದ್ದು ದುರುದ್ದೇಶದ್ದು ಅಥವಾ ಮೇಲ್ನೋಟಕ್ಕೇ ಸುಳ್ಳು ಅಂತ ಕಾಣದೆ ಯಾಂತ್ರಿಕವಾಗಿ ತಡೆ ಕೊಡಬಾರದು ಅನ್ನೋದು ಅದರ ಸಾರ. ದುಡ್ಡು ಬಲ ಇರುವವರು ಬಾಯಿ ಮುಚ್ಚಿಸೋಕೇ ಹಾಕುವ ದಾವೆಗಳ ಬಗ್ಗೆಯೂ ಆ ತೀರ್ಪು ಎಚ್ಚರಿಸಿದೆ. 1994ರ ರಾಜಗೋಪಾಲ್ ಕೇಸ್ ಇನ್ನೂ ಹಳೆಯದು, ತಮಿಳಿನ ನಕ್ಕೀರನ್ ಪತ್ರಿಕೆಯದು. ಮಾನಹಾನಿ ಆಗಬಹುದು ಅನ್ನೋ ಭಯದಿಂದ ಸರ್ಕಾರವಾಗಲಿ ಅಧಿಕಾರಿಗಳಾಗಲಿ ಪ್ರಕಟಣೆಯನ್ನ ಮೊದಲೇ ತಡೆಯುವಂತಿಲ್ಲ, ಏನಿದ್ದರೂ ಪ್ರಕಟ ಆದಮೇಲೆ ಕೇಸ್ ಹಾಕಲಿ ಅಂದಿತು. ಸಾರ್ವಜನಿಕ ದಾಖಲೆಯನ್ನ ಆಧರಿಸಿ ಬರೆಯಬಹುದು ಅಂತಲೂ ಅದರಲ್ಲೇ ಇದೆ. ಗುತ್ತಿಗೆದಾರ ಅಧಿಕಾರಿ ಅಲ್ಲ, ಹಾಗಾಗಿ ಮೊದಲ ಭಾಗ ನೇರವಾಗಿ ಹೊಂದಲ್ಲ. ಎರಡನೇ ಭಾಗ ಹೊಂದುತ್ತೆ. ಎಂಬಿ ನಿಮ್ಮ ಕೈಗೆ ಆರ್‌ಟಿಐನಲ್ಲಿ ಬಂದದ್ದು, ಕದ್ದು ತಂದದ್ದಲ್ಲ.

ಆದೇಶ ಬಂದಿದೆ ಅಂತ ಓದುಗರಿಗೆ ಹೇಳಬಹುದಾ? ಆದೇಶದಲ್ಲಿ ಅದನ್ನೂ ತಡೆದಿಲ್ಲ ಅಂದರೆ ಹೇಳಬಹುದು. ಯಾವ ಕೋರ್ಟ್, ಯಾವ ದಿನ, ಏನು ಹೇಳಿದೆ, ಅಷ್ಟೇ ಬರೆಯಿರಿ. ಆರೋಪವನ್ನ ಮತ್ತೆ ಬರೆಯಬೇಡಿ. ಅಚ್ಚಿಗೆ ಹೋಗುವ ಮುಂಚೆ ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ.


ಅಂಗಡಿಬೀದಿ
ಸೋಮವಾರ, ಬೆಳಿಗ್ಗೆ 9.48

ಎಲ್ಲರೂ ಒಂದೇ ಕಡೆ ಮಾತಾಡುತ್ತೀರಿ ಅಂತ ಬರೀತಿದ್ದೇನೆ. ಅಕ್ಕಾ, ನಿಮ್ಮ ಮೇಲೆ ನನಗೆ ಕೋಪ ಇಲ್ಲ, ನೀವು ದಾಖಲೆ ಇಟ್ಟು ಬರೆದಿದ್ದೀರಿ.

ನಮ್ಮದು ದಿನಸಿ ಅಂಗಡಿ. ಮೂರು ವರ್ಷದ ಹಿಂದೆ ಒಂದು ಲೋಕಲ್ ಚಾನೆಲ್‌ನವರು ಕ್ಯಾಮೆರಾ ಹಿಡ್ಕೊಂಡು ಬಂದು ನಮ್ಮ ಬೇಳೆಯಲ್ಲಿ ಬಣ್ಣ ಬೆರೆಸಿದ್ದಾರೆ ಅಂತ ವಿಡಿಯೊ ಹಾಕಿದರು. ಮುಂಚೆ ಬಂದು ದುಡ್ಡು ಕೇಳಿದ್ದರು, ನಾನು ಕೊಟ್ಟಿರಲಿಲ್ಲ. ಬೇಳೆಯನ್ನ ಟೆಸ್ಟ್ ಮಾಡಿಸಿದೆ, ಏನೂ ಇರಲಿಲ್ಲ. ರಿಪೋರ್ಟ್ ತಗೊಂಡು ಹೋದರೆ ಅವರು ಬಾಗಿಲು ಕೂಡ ತೆಗೀಲಿಲ್ಲ. ಆ ವಿಡಿಯೊ ಇವತ್ತಿಗೂ ಇದೆ. ನಮ್ಮ ಮಗಳ ಶಾಲೆಯಲ್ಲಿ ಮಕ್ಕಳು ಅದನ್ನ ಹೇಳಿ ಅವಳನ್ನ ರೇಗಿಸಿದರು. ಹಳೇ ಗಿರಾಕಿಗಳು ಬೀದಿಯ ಆಚೆ ಬದಿಯಿಂದ ನಡೆದು ಹೋಗೋದನ್ನ ಗಲ್ಲಾ ಮೇಲೆ ಕೂತು ನೋಡಿದ್ದೇನೆ.

ಆವತ್ತು ಯಾರಾದರೂ ನನಗೆ ಇಂಥ ತಡೆಯಾಜ್ಞೆ ಕೊಡಿಸಿದ್ದರೆ ಕೈ ಮುಗಿಯುತ್ತಿದ್ದೆ. ಆಮೇಲೆ ಕೇಸ್ ಹಾಕಿ ಅಂತೀರಿ. ಆಮೇಲೆ ಅಂದರೆ ಎಷ್ಟು ವರ್ಷ? ಅಷ್ಟರಲ್ಲಿ ಅಂಗಡಿ ಉಳಿದಿರಬೇಕಲ್ಲ. ಪತ್ರಿಕಾ ಸ್ವಾತಂತ್ರ್ಯ ಅಂದಾಗ ನಮ್ಮಂಥವರ ಮಾನ ಎಲ್ಲಿ ಬರುತ್ತೆ ಅಂತಲೂ ಯಾರಾದರೂ ಹೇಳಿ.


ಮೊಳೆಪೆಟ್ಟಿಗೆ
ಸೋಮವಾರ, ಮಧ್ಯಾಹ್ನ 2.30

ಮಗಳೇ, ನನಗೀಗ ಎಪ್ಪತ್ತೊಂದು. ಜೀವನ ಪೂರ್ತಿ ಅಚ್ಚುಕೂಟದಲ್ಲಿ ಕಳೆದವನು. ಇಪ್ಪತ್ತನೇ ವಯಸ್ಸಿಗೆ ಒಂದು ದಿನಪತ್ರಿಕೆಯಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುವ ಕೆಲಸಕ್ಕೆ ಸೇರಿದೆ. ಸೇರಿ ಇನ್ನೂ ಎರಡು ತಿಂಗಳು ಆಗಿರಲಿಲ್ಲ, 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು.

ಸೆನ್ಸಾರ್ ಅಂದರೆ ಏನು ಅಂತ ಈಗಿನವರಿಗೆ ಕೈಯಲ್ಲಿ ಹಿಡಿದು ಗೊತ್ತಿಲ್ಲ. ನನಗೆ ಗೊತ್ತು, ಅದಕ್ಕೆ ತೂಕ ಇತ್ತು. ಸುದ್ದಿ ಜೋಡಿಸಿ, ಗ್ಯಾಲಿ ಅನ್ನೋ ತಟ್ಟೆಯಲ್ಲಿ ಕಟ್ಟಿ, ಮಸಿ ಬಳಿದು ಪ್ರೂಫ್ ತೆಗೀತಿದ್ದೆವು. ಆ ಒದ್ದೆ ಪ್ರೂಫನ್ನ ಸೈಕಲ್ ಮೇಲೆ ಸೆನ್ಸಾರ್ ಸಾಹೇಬರ ಹತ್ತಿರ ಒಯ್ಯೋದು ಹೊಸಬನಾದ ನನ್ನ ಪಾಲಿಗೆ ಬಂತು. ಅವರು ಓದುತ್ತಿದ್ದರು, ನಾನು ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ಕೆಂಪು ಪೆನ್ಸಿಲಿನ ಗೆರೆ. ವಾಪಸ್ ಬಂದು ಗೆರೆ ಬಿದ್ದ ಸಾಲುಗಳ ಮೊಳೆಯನ್ನ ಚಿಮುಟದಲ್ಲಿ ಒಂದೊಂದೇ ಕಿತ್ತು ಪೆಟ್ಟಿಗೆಯ ಮನೆಗೆ ಹಾಕಬೇಕು. ನಾನೇ ಜೋಡಿಸಿದ ಅಕ್ಷರವನ್ನ ನಾನೇ ಕೀಳುತ್ತಿದ್ದೆ. ಕಿತ್ತ ಜಾಗ ಖಾಲಿ ಬಿಡುವ ಹಾಗೂ ಇರಲಿಲ್ಲ. ಯಾಕೆ ಅಂದರೆ ದೆಹಲಿಯಲ್ಲಿ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್‌ನವರು ಸಂಪಾದಕೀಯದ ಜಾಗವನ್ನ ಖಾಲಿ ಬಿಟ್ಟು ಅಚ್ಚು ಹಾಕಿದ್ದರು, ಆ ಬಿಳಿ ಜಾಗ ನೋಡಿದವರಿಗೆಲ್ಲ ಅರ್ಥ ಆಗಿತ್ತು. ಹಾಗಾಗಿ ಬಿಳಿ ಜಾಗಕ್ಕೂ ನಿಷೇಧ ಬಂತು. ನಾವು ಅಲ್ಲಿ ಬಿತ್ತನೆ ಸಲಹೆ, ಸಾಬೂನಿನ ಜಾಹೀರಾತು ತುಂಬುತ್ತಿದ್ದೆವು. ಬೆಳಿಗ್ಗೆ ಪತ್ರಿಕೆ ಬಿಡಿಸಿದವರಿಗೆ ಎಲ್ಲಾ ತುಂಬಿಕೊಂಡೇ ಕಾಣುತ್ತಿತ್ತು. ಏನು ಹೋಯಿತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ. ನನಗೆ ಅದೇ ಜಾಸ್ತಿ ಸಂಕಟ ಆಗುತ್ತಿದ್ದದ್ದು.

ಆಗ ಬೆಂಗಳೂರಿಗೆ ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನ ಇಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಈಗ ಫ್ರೀಡಂ ಪಾರ್ಕ್ ಅಂತಾರಲ್ಲ, ಅದೇ ಜೈಲು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಲ್ಲಿ ತಿಂಗಳುಗಟ್ಟಲೆ ಆಸ್ತಮಾದಲ್ಲಿ ನರಳಿದರು, ಬಿಟ್ಟ ಮೇಲೆ ಜಾಸ್ತಿ ದಿನ ಬದುಕಲಿಲ್ಲ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ಊರಿನ ಸುದ್ದಿಯನ್ನ ಅದೇ ಊರಿನ ಪತ್ರಿಕೆ ಬಿಡಿಸಿ ಬರೆಯುವ ಹಾಗಿರಲಿಲ್ಲ.

ಇದಕ್ಕಿಂತ ಹಿಂದಿನದೂ ಒಂದು ಹೇಳುತ್ತೇನೆ, ನಮ್ಮ ಮೈಸೂರಿನದೇ. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ ಸಂಸ್ಥಾನ ಒಂದು ಪತ್ರಿಕಾ ಕಾಯ್ದೆ ತಂದಿತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ನಡೆಸುವಂತಿಲ್ಲ ಅಂತ. ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿನವರು ತಾತಯ್ಯ ಅಂತ ಕರೆಯುತ್ತಿದ್ದರು, ಆಗ ಪತ್ರಿಕೆಗಳನ್ನ ನಡೆಸುತ್ತಿದ್ದರು. ಹಾಗೆ ಅನುಮತಿ ಬೇಡಿ ಬರೆಯಲಾರೆ ಅಂತ ಪತ್ರಿಕೆಗಳನ್ನೇ ನಿಲ್ಲಿಸಿದರು. ಬ್ರಿಟಿಷರ ಕಾನೂನು ಅಲ್ಲ ಅದು, ನಮ್ಮವರದೇ.

ನಿಮ್ಮದನ್ನ ಏನಂತ ಕರೀಬೇಕು ಅಂತ ಕೇಳಿದೆಯಲ್ಲ ಮಗಳೇ. ಕೆಂಪು ಪೆನ್ಸಿಲ್ ಯಾರ ಕೈಯಲ್ಲಿದೆ ಅಂತ ನಾನು ನೋಡಲ್ಲ. ಬರೆದವರನ್ನ ಒಂದು ಮಾತೂ ಕೇಳದೆ ಸಾಲು ಕಿತ್ತರೆ ನನಗೆ ಅದು ಸೆನ್ಸಾರೇ.

ಅಂಗಡಿಯವರೇ, ನಿಮ್ಮ ಮಾತು ಓದಿ ಬೇಜಾರಾಯಿತು. ದುಡ್ಡು ಕೇಳಿ ಕೊಡದಿದ್ದಕ್ಕೆ ವಿಡಿಯೊ ಹಾಕಿದವರು ಪತ್ರಕರ್ತರಲ್ಲ. ನಮ್ಮ ಕಾಲದಲ್ಲಿ ಒಂದು ಹೆಸರು ತಪ್ಪಾದರೂ ಮಾರನೇ ದಿನ ತಿದ್ದುಪಡಿ ಹಾಕುತ್ತಿದ್ದೆವು, ಆ ನಾಲ್ಕು ಸಾಲನ್ನ ನಾನೇ ಎಷ್ಟೋ ಸಲ ಜೋಡಿಸಿದ್ದೇನೆ. ಅದನ್ನ ಮಾಡದವರಿಂದ ಇವತ್ತು ಎಲ್ಲರಿಗೂ ಕೆಟ್ಟ ಹೆಸರು ಬಂದಿದೆ.


ಪುತ್ತೂರಿನವ
ಸೋಮವಾರ, ರಾತ್ರಿ 8.15

ಮೇಡಂ, ನಿಮಗೆ 31 ಹೆಸರು ಜಾಸ್ತಿ ಅನಿಸಿರಬೇಕು. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಬಂದ ಆದೇಶ ನೆನಪಿದೆಯಾ? ಪ್ರತಿವಾದಿಗಳು 338. ತೆಗೆಯಬೇಕಾದ ಲಿಂಕ್‌ಗಳು 8,842. ಅದರಲ್ಲಿ ಯೂಟ್ಯೂಬ್ ವಿಡಿಯೊ 4,140, ಇನ್‌ಸ್ಟಾಗ್ರಾಂ ಪೋಸ್ಟ್ 3,584, ಸುದ್ದಿ ಲೇಖನ 108. ಎಂಟು ಸಾವಿರ ಲಿಂಕನ್ನ ಒಂದೊಂದಾಗಿ ತೆರೆದು ಇದು ಸುಳ್ಳು, ಇದು ನಿಜ, ಇದು ಬರೀ ಪೊಲೀಸ್ ದೂರಿನ ವರದಿ ಅಂತ ನೋಡೋದಕ್ಕೆ ಎಷ್ಟು ದಿನ ಬೇಕು? ಆ ಪ್ರಕರಣದ ಸತ್ಯ ಏನು ಅಂತ ನಾನಿಲ್ಲಿ ಮಾತಾಡುತ್ತಿಲ್ಲ, ಅದನ್ನ ತನಿಖೆ ಹೇಳಲಿ. ನನ್ನ ಸಿಟ್ಟು ಇರೋದು ಮೂಟೆಗಟ್ಟಿ ಬಾಯಿ ಮುಚ್ಚಿಸೋ ಆ ಪದ್ಧತಿ ಮೇಲೆ. ಕುಡ್ಲ ರ‍್ಯಾಂಪೇಜ್ ಅನ್ನೋ ಮಂಗಳೂರಿನ ಚಾನೆಲ್ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ಕ್ಕೆ ಹೈಕೋರ್ಟ್ ಆದೇಶ ರದ್ದು ಮಾಡಿತು. ಒಂದು ಸಣ್ಣ ಚಾನೆಲ್ ಹೋಗಿದ್ದಕ್ಕೆ ಅದು ಆಯಿತು.

ಇದು ಒಂದು ಪಕ್ಷದ ಕೆಲಸ ಅಂತ ಅಂದುಕೊಳ್ಳಬೇಡಿ. 2021ರ ಮಾರ್ಚಲ್ಲಿ ಬಿಜೆಪಿ ಸರ್ಕಾರದ ಆರು ಸಚಿವರು ಒಟ್ಟಿಗೆ ಕೋರ್ಟಿಗೆ ಹೋಗಿ 67 ಮಾಧ್ಯಮಗಳ ಮೇಲೆ ತಡೆ ತಂದರು. ಆಗಿನ್ನೂ ಅವರ ಬಗ್ಗೆ ಏನೂ ಪ್ರಸಾರ ಆಗಿರಲಿಲ್ಲ, ಆಗಬಹುದು ಅನ್ನೋ ಭಯಕ್ಕೇ ತಂದರು. 2017ರ ಜೂನಲ್ಲಿ ಕಾಂಗ್ರೆಸ್ ಸರ್ಕಾರ ಇದ್ದಾಗ ವಿಧಾನಸಭೆಯೇ ಇಬ್ಬರು ಕನ್ನಡ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಹಾಕಿತು. ಶಾಸಕರ ಬಗ್ಗೆ ಬರೆದದ್ದಕ್ಕೆ ಹಕ್ಕುಚ್ಯುತಿ ಅಂತ. ದೂರು ಕೊಟ್ಟವರೂ ಶಾಸಕರು, ತೀರ್ಪು ಕೊಟ್ಟವರೂ ಶಾಸಕರು. 2025ರಲ್ಲಿ ಸುಳ್ಳು ಸುದ್ದಿ ತಡೆಗೆ ಅಂತ ಒಂದು ಮಸೂದೆಯ ಕರಡು ಹೊರಬಿತ್ತು, ಏಳು ವರ್ಷದವರೆಗೆ ಜೈಲು ಅಂತ ಅದರಲ್ಲಿತ್ತು. ಯಾವುದು ಸುಳ್ಳು ಅಂತ ಹೇಳುವ ಪ್ರಾಧಿಕಾರದ ತಲೆಯಲ್ಲಿ ಮಂತ್ರಿಯೇ ಕೂತರೆ ನಿಮ್ಮ ಹೂಳಿನ ಸುದ್ದಿ ಒಂದು ದಿನವೂ ಉಳಿಯಲ್ಲ.

ನಾವು ಕೂಡ ಬದಲಾಗಬೇಕು. ನಮಗಾಗದವರ ಪತ್ರಿಕೆಗೆ ತಡೆ ಬಿದ್ದಾಗ ಚಪ್ಪಾಳೆ ಹೊಡೆಯೋರು ಈ ಫೋರಂನಲ್ಲೇ ಇದ್ದಾರೆ. 1950ರ ಮೇ 26ಕ್ಕೆ ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ಕೊಟ್ಟಿತ್ತು. ಒಂದು ಎಡಪಂಥದ ಕ್ರಾಸ್ ರೋಡ್ಸ್ ವಾರಪತ್ರಿಕೆ, ಮದ್ರಾಸ್ ಸರ್ಕಾರ ಅದನ್ನ ತನ್ನ ಪ್ರಾಂತ್ಯದೊಳಗೆ ಬರಬಾರದು ಅಂದಿತ್ತು. ಇನ್ನೊಂದು ಆರೆಸ್ಸೆಸ್ ಕಡೆಯ ಆರ್ಗನೈಸರ್, ದೆಹಲಿಯಲ್ಲಿ ಅದಕ್ಕೆ ಮೊದಲೇ ತೋರಿಸಿ ಅಚ್ಚು ಹಾಕು ಅಂತ ಆದೇಶ ಇತ್ತು. ಕೋರ್ಟ್ ಎರಡನ್ನೂ ರದ್ದು ಮಾಡಿತು. ಆ ಎರಡು ಪತ್ರಿಕೆಯವರು ಒಬ್ಬರ ಮುಖ ಒಬ್ಬರು ನೋಡದವರು. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ದಿನ ಅದು.


ಕಪ್ಪುಕೋಟು
ಸೋಮವಾರ, ರಾತ್ರಿ 10.40

ಪುತ್ತೂರಿನವರಿಗೆ ಒಂದು ತಿದ್ದುಪಡಿ. ಆಗಸ್ಟ್ 1ರ ಹೈಕೋರ್ಟ್ ಆದೇಶ ಆ ಒಂದು ಚಾನೆಲ್‌ನ ಅರ್ಜಿಯ ಮೇಲೆ ಬಂದದ್ದು, ವಿಷಯವನ್ನ ಮತ್ತೆ ಕೆಳಗಿನ ಕೋರ್ಟಿಗೇ ಕಳಿಸಿದರು. ಉಳಿದ ಮುನ್ನೂರು ಚಿಲ್ಲರೆ ಜನಕ್ಕೂ ತಾನಾಗಿ ಬಿಡುಗಡೆ ಅಂತ ಅಲ್ಲ. ಇದನ್ನ ಯಾಕೆ ಹೇಳುತ್ತೇನೆ ಅಂದರೆ, ಮೇಡಂ, ನಿಮ್ಮ ಪಟ್ಟಿಯಲ್ಲಿರುವ 31 ಜನರಲ್ಲಿ ಬೇರೆ ಯಾರೋ ಹೋಗುತ್ತಾರೆ ಅಂತ ನೀವು ಸುಮ್ನೆ ಇರಬೇಡಿ. ಅವರೂ ನಿಮ್ಮ ಬಗ್ಗೆ ಹಾಗೇ ಅಂದುಕೊಂಡು ಕೂತಿರುತ್ತಾರೆ.

ಅಂಗಡಿಬೀದಿಯವರೇ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ನಿಮ್ಮ ಮಾನವೂ ಸಂವಿಧಾನದೊಳಗೇ ಇದೆ. 19ನೇ ವಿಧಿಯ ಎರಡನೇ ಖಂಡದಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಹಾಕಬಹುದಾದ ಮಿತಿಗಳ ಪಟ್ಟಿ ಇದೆ, ಮಾನಹಾನಿ ಅದರಲ್ಲಿ ಒಂದು. ನಿಮ್ಮ ಹತ್ತಿರ ಲ್ಯಾಬ್ ರಿಪೋರ್ಟ್ ಇತ್ತು. ಮೇಲ್ನೋಟಕ್ಕೇ ಸುಳ್ಳು ಅಂತ ತೋರಿಸೋದು ಅಂದರೆ ಅದೇ. ಅಂಥ ರಿಪೋರ್ಟ್ ಇಟ್ಟುಕೊಂಡು ಚಾನೆಲ್‌ಗೆ ನೋಟಿಸ್ ಕೊಟ್ಟು, ಅವರ ಮಾತೂ ಕೇಳಿ ಕೋರ್ಟ್ ತಡೆ ಕೊಟ್ಟರೆ ನಾನು ಬೇಡ ಅನ್ನಲ್ಲ. ದುಡ್ಡು ಕೇಳಿದ್ದು ಸುಲಿಗೆ, ಅದಕ್ಕೆ ಪೊಲೀಸ್ ದೂರು ಬೇರೆ. ಮಾನಹಾನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಇದೆ, ಎರಡು ವರ್ಷದವರೆಗೆ ಶಿಕ್ಷೆ ಇದೆ, ಪರಿಹಾರದ ದಾವೆಯೂ ಇದೆ. ನಿಧಾನ ಅನ್ನೋದು ನಿಜ, ನಾನು ದಿನಾ ನೋಡುತ್ತೇನೆ. ಆ ನಿಧಾನವನ್ನ ಸರಿ ಮಾಡಬೇಕು. ಅದಕ್ಕೆ ಬದಲಾಗಿ ಕೇಳದೆ ಬಾಯಿ ಕಟ್ಟುವ ದಾರಿಯನ್ನ ಅಗಲ ಮಾಡಿದರೆ ಅದರಲ್ಲಿ ಮೊದಲು ಹೋಗೋದು ನಿಮ್ಮಂಥ ಅಂಗಡಿಯವರಲ್ಲ. ಬೆಂಗಳೂರಲ್ಲಿ ದೊಡ್ಡ ವಕೀಲರನ್ನ ಇಟ್ಟುಕೊಳ್ಳೋಕೆ ಆಗುವವರು.

ಇನ್ನೊಂದು ವಿಷಯ, ಸಣ್ಣ ಪತ್ರಿಕೆಯವರಿಗೆಲ್ಲ. ಯಾರ ಬಗ್ಗೆಯಾದರೂ ದೊಡ್ಡ ವರದಿ ಮಾಡುವಾಗ, ಅವರು ಕೋರ್ಟಿಗೆ ಹೋಗಬಹುದು ಅಂತ ಅನಿಸಿದರೆ, ಮೊದಲೇ ಕೇವಿಯಟ್ ಹಾಕಿ, ಅಂದರೆ ನಮ್ಮನ್ನ ಕೇಳದೆ ಆದೇಶ ಮಾಡಬೇಡಿ ಅಂತ ಕೋರ್ಟಿಗೆ ಮುಂಚೆಯೇ ಕೊಡುವ ಅರ್ಜಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಸೆಕ್ಷನ್. 90 ದಿನ ಇರುತ್ತೆ. ಹಾಕಿದ್ದರೆ ನಿಮಗೆ ನೋಟಿಸ್ ಕೊಡದೆ ಆದೇಶ ಮಾಡೋದು ಕಷ್ಟ. ಬೆಂಗಳೂರಲ್ಲೂ ಹಾಕಿ, ನಿಮ್ಮ ತಾಲೂಕಲ್ಲೂ ಹಾಕಿ.


ಅಂಗಡಿಬೀದಿ
ಮಂಗಳವಾರ, ಬೆಳಿಗ್ಗೆ 6.50

ವಕೀಲ ಸಾರ್, ಇದನ್ನ ಆವತ್ತು ಯಾರೂ ನನಗೆ ಹೇಳಲಿಲ್ಲ. ರಿಪೋರ್ಟ್ ಇನ್ನೂ ಇಟ್ಟಿದ್ದೇನೆ. ಅಜ್ಜ, ನಿಮ್ಮ ಮಾತಿಗೂ ಥ್ಯಾಂಕ್ಸ್. ಅಕ್ಕಾ, ನಿಮ್ಮ ಪತ್ರಿಕೆಗೆ ಒಂದು ವರ್ಷದ ಚಂದಾ ಎಷ್ಟು ಅಂತ ಹೇಳಿ.


ಕೋಡಿನೀರು
ಹನ್ನೆರಡು ದಿನದ ನಂತರ, ರಾತ್ರಿ 9.30

ಎಲ್ಲರಿಗೂ ಉತ್ತರ ಕೊಡೋದು ತಡ ಆಯಿತು, ಕ್ಷಮಿಸಿ. ಓಡಾಟ ಜಾಸ್ತಿ ಇತ್ತು.

ಪರಿಚಯದವರ ಮೂಲಕ ಬೆಂಗಳೂರಲ್ಲಿ ಒಬ್ಬ ವಕೀಲೆ ಸಿಕ್ಕರು. ಫೀಸ್ ಆಮೇಲೆ ನೋಡೋಣ ಅಂದರು. ವಕಾಲತ್ತು ಹಾಕಿ, ದಾವೆಯ ಪ್ರತಿ ತೆಗೆಸಿದೆವು. 46 ಪುಟ. ಕಪ್ಪುಕೋಟು ಸಾರ್ ಹೇಳಿದ ಹಾಗೆ ಪೆನ್ಸಿಲ್ ಇಟ್ಟುಕೊಂಡು ಓದಿದೆ. 22ನೇ ಪುಟದಲ್ಲಿ ಹೀಗೆ ಬರೆದಿದ್ದಾರೆ: ಈ ಪತ್ರಿಕೆಯವರು ಯಾವ ದಾಖಲೆಯೂ ಇಲ್ಲದೆ, ನಮ್ಮನ್ನ ಒಂದು ಮಾತೂ ಕೇಳದೆ ಬರೆದಿದ್ದಾರೆ ಅಂತ. ಅದನ್ನ ಓದಿ ಎದ್ದು ಹೋಗಿ ಅಪ್ಪನ ಕಬ್ಬಿಣದ ಪೆಟ್ಟಿಗೆ ತೆಗೆದೆ. ನಮ್ಮಲ್ಲಿ ಕಳಿಸಿದ ಪತ್ರದ್ದೆಲ್ಲ ನಕಲು ಇಡೋದು ಅಪ್ಪ ಹಾಕಿಕೊಟ್ಟ ಅಭ್ಯಾಸ. ಅಚ್ಚಿಗೆ ಹೋಗೋ ಒಂಬತ್ತು ದಿನ ಮುಂಚೆ ನಾನು ಗುತ್ತಿಗೆದಾರರಿಗೆ ಬರೆದ ಪತ್ರ, ಅದರ ಜೊತೆ ಲಗತ್ತಿಸಿದ್ದ ಎಂಬಿ ಪುಟಗಳು, ಅವರ ಕಚೇರಿಯವರು ಸಹಿ ಹಾಕಿ ತಗೊಂಡ ಅಂಚೆಯ ಸ್ವೀಕೃತಿ ಕಾರ್ಡ್, ಮೂರೂ ಇತ್ತು. ಕಾರ್ಡ್ ಮೇಲೆ ಅವರ ಸೀಲ್ ಕೂಡ ಬಿದ್ದಿದೆ. ವಕೀಲೆ ಅದನ್ನ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು, ಇದನ್ನ ಜೋಪಾನವಾಗಿ ಇಟ್ಟುಕೊಳ್ಳಿ, ಮೂಲ ಯಾರಿಗೂ ಕೊಡಬೇಡಿ ಅಂದರು. ತೆರವಿನ ಅರ್ಜಿ ಹಾಕಿದ್ದಾರೆ, ಬೇಗ ಕೇಳಬೇಕು ಅಂತ ಕೋರಿ ದಿನಾಂಕವನ್ನೂ ಹತ್ತಿರ ಮಾಡಿಸಿದ್ದಾರೆ.

ಪಟ್ಟಿಯಲ್ಲಿದ್ದ ಉಳಿದವರಿಗೂ ಫೋನ್ ಮಾಡಿದೆ. ಕೆಲವರು ಎತ್ತಲಿಲ್ಲ, ಕೆಲವರು ನಮಗೆ ಇದು ಬೇಡ ಅಂದರು, ಅವರ ಮೇಲೆ ನನಗೆ ಬೇಸರ ಇಲ್ಲ, ಎಲ್ಲರಿಗೂ ಹೊಟ್ಟೆಪಾಡಿದೆ. ಆರು ಜನ ನಮ್ಮ ಜೊತೆ ಬರುತ್ತೇವೆ ಅಂದರು. ಅದರಲ್ಲಿ ಒಬ್ಬರು ನಮ್ಮ ಪತ್ರಿಕೆಯನ್ನ ಎಂಟು ವರ್ಷದಿಂದ ಬೈದುಕೊಂಡೇ ಬಂದವರು.

ಹೋದ ಸಂಚಿಕೆ ಹೊರಗೆ ಬಂತು. ಪ್ರೆಸ್‌ನವರಿಗೆ ವಕೀಲೆಯೇ ಫೋನ್ ಮಾಡಿ ಧೈರ್ಯ ಹೇಳಿದರು. ಮೊದಲ ಪುಟದಲ್ಲಿ ಮೂರು ಸಾಲು ಹಾಕಿದೆವು: ಈ ಪತ್ರಿಕೆಯ ಒಂದು ವರದಿಗೆ ಕೋರ್ಟ್ ತಾತ್ಕಾಲಿಕ ತಡೆ ಕೊಟ್ಟಿದೆ, ನಾವು ಅದನ್ನ ಪಾಲಿಸುತ್ತಿದ್ದೇವೆ, ತೆರವಿಗೆ ಅರ್ಜಿ ಹಾಕಿದ್ದೇವೆ. ಅಷ್ಟೇ. ಮಾರನೇ ದಿನ ಬೆಳಿಗ್ಗೆ ಕೆರೆ ಕೆಳಗಿನ ಗದ್ದೆಯವರೊಬ್ಬರು ಬಂದರು, ಬರೀ ಹತ್ತು ನಿಮಿಷ ಕೂತರು. ತಡೆ ಇರೋದು ನಿಮಗೆ, ನಮಗಲ್ಲವಲ್ಲ, ಗ್ರಾಮಸಭೆಯಲ್ಲಿ ನಾವು ಕೇಳುತ್ತೇವೆ ಅಂತ ಹೇಳಿ ಹೋದರು.

ಮೊಳೆಪೆಟ್ಟಿಗೆ ಅಜ್ಜ, ನಿಮ್ಮ ಮಾತನ್ನ ಅಮ್ಮನಿಗೆ ಓದಿ ಹೇಳಿದೆ. ಅಪ್ಪನೂ ಶುರುವಿನ ಸಂಚಿಕೆಗಳನ್ನ ಮೊಳೆ ಜೋಡಿಸಿಯೇ ತಂದಿದ್ದು, ಅಮ್ಮನೇ ಪ್ರೂಫ್ ಓದುತ್ತಿದ್ದರಂತೆ, ನನಗೇ ಗೊತ್ತಿರಲಿಲ್ಲ. ಆಮೇಲೆ ಬಿಟ್ಟುಬಿಡು ಅಂತ ಅವರು ಹೇಳಿಲ್ಲ. ಅಂಗಡಿಬೀದಿಯವರೇ, ಚಂದಾ ವರ್ಷಕ್ಕೆ 240 ರೂಪಾಯಿ. ನಿಮ್ಮ ರಿಪೋರ್ಟಿನ ಕಥೆ ಬರೆಯೋಕೆ ನೀವು ಒಪ್ಪಿದರೆ ನಮ್ಮಲ್ಲಿ ಜಾಗ ಇದೆ. ಆ ಚಾನೆಲ್‌ನವರನ್ನೂ ಕೇಳಿಯೇ ಬರೆಯುತ್ತೇನೆ.

ನಾಡಿದ್ದು ಹಿಯರಿಂಗ್. ಬೆಳಗಿನ ಜಾವ ನಾಲ್ಕೂವರೆ ಬಸ್ಸಿಗೆ ಹೊರಡುತ್ತೇನೆ. ಬಾಗಿನದ ಫೋಟೊ ಇರುವ ಸಂಚಿಕೆ ಮೂರು ಪ್ರತಿ ಚೀಲಕ್ಕೆ ಹಾಕಿಕೊಂಡಿದ್ದೇನೆ, ನ್ಯಾಯಾಧೀಶರಿಗೊಂದು, ಎದುರು ವಕೀಲರಿಗೊಂದು, ನನಗೊಂದು.